ದೂರದ ಯುದ್ಧವೂ ಮಿತ್ರಕೂಟದ ಆಯುಷ್ಯವೂ

೧

ರಾಜ್ಯಕ್ಕೆ ಅಂಗಗಳು ಏಳೆಂದು ನಮ್ಮ ಪ್ರಾಚೀನ ಅರ್ಥಶಾಸ್ತ್ರಕಾರರು ಎಣಿಸಿದ್ದಾರೆ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂಬ ಈ ಏಳರಲ್ಲಿ ಮೊದಲಿನ ಆರೂ ರಾಜ್ಯದ ಒಳಗಿನವು. ಮಿತ್ರನೊಬ್ಬನು ಮಾತ್ರ ಹೊರಗಿನವನು. ಅವನಿಗೆ ತನ್ನದೇ ಆದ ಕೋಶವುಂಟು, ತನ್ನದೇ ಆದ ದಂಡವುಂಟು, ತಾನು ಉತ್ತರ ಹೇಳಬೇಕಾದ ಪ್ರಜೆಗಳೂ ಉಂಟು. ಆದುದರಿಂದಲೇ ಕೌಟಿಲ್ಯನು ಮಿತ್ರನ ಗುಣಗಳನ್ನು ಎಣಿಸುವಾಗ ಬಲವೊಂದನ್ನೇ ಹೇಳಿ ಸುಮ್ಮನಾಗುವುದಿಲ್ಲ. ಸ್ನೇಹವು ಸ್ಥಿರವಾಗಿರಬೇಕು, ಎರಡು ಬಗೆ ಇರಕೂಡದು, ಬೇಕಾದಾಗ ಬೇಗನೆ ಸನ್ನದ್ಧನಾಗಬಲ್ಲವನಿರಬೇಕು ಎಂಬುದನ್ನೂ ಸೇರಿಸುತ್ತಾನೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮಿತ್ರತ್ವವು ಹೊಸ ರೂಪವನ್ನು ತಾಳಿತು. ಅರಸರ ನಡುವಣ ಮಾತಿನ ಸ್ಥಾನದಲ್ಲಿ ಅನೇಕ ರಾಷ್ಟ್ರಗಳು ರುಜು ಹಾಕಿದ ಒಡಂಬಡಿಕೆಗಳೂ, ಅವುಗಳನ್ನು ನಡೆಯಿಸುವ ಕಾಯಂ ಕಚೇರಿಗಳೂ, ವಾರ್ಷಿಕ ವಂತಿಗೆಗಳೂ ಬಂದವು.

ಇಂಥ ಒಂದು ಮಿತ್ರಕೂಟದ ಪ್ರಮುಖ ರಾಷ್ಟ್ರವು ತನ್ನ ನೆಲದಿಂದ ಬಹುದೂರದ ನಾಡೊಂದರಲ್ಲಿ ವರ್ಷಗಟ್ಟಲೆ ಯುದ್ಧದಲ್ಲಿ ತೊಡಗಿದರೆ ಕೂಟದ ಗತಿಯೇನು? ಗೆದ್ದರೆ ಕೂಟವು ಬಲಗೊಳ್ಳುತ್ತದೆ, ಸೋತರೆ ಒಡೆಯುತ್ತದೆ ಎಂಬುದು ಸಾಮಾನ್ಯವಾದ ಅಭಿಪ್ರಾಯ. ಇತಿಹಾಸವು ಇದನ್ನು ಸಮರ್ಥಿಸುವುದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನವು ವಿಯೆಟ್ನಾಮಿನಲ್ಲಿಯೂ ಅಫಘಾನಿಸ್ತಾನದಲ್ಲಿಯೂ ದೀರ್ಘ ಯುದ್ಧಗಳನ್ನು ನಡೆಯಿಸಿತು; ಎರಡರಲ್ಲಿಯೂ ಉದ್ದೇಶವು ಕೈಗೂಡದೆ ಹಿಂದಿರುಗಿತು. ೧೯೭೫ರಲ್ಲಿ ಸೈಗಾನ್ ಬಿದ್ದ ಎರಡು ವರ್ಷಗಳಲ್ಲಿ ಆಗ್ನೇಯ ಏಷ್ಯಾ ಒಡಂಬಡಿಕೆ ಸಂಸ್ಥೆ, ಅಂದರೆ ಸೀಟೊ, ತನ್ನ ಕಚೇರಿಯ ಬಾಗಿಲನ್ನು ಮುಚ್ಚಿತು. ೨೦೨೧ರಲ್ಲಿ ಕಾಬೂಲ್ ಬಿದ್ದ ಮೂರು ವರ್ಷಗಳೊಳಗಾಗಿ ಉತ್ತರ ಅಟ್ಲಾಂಟಿಕ್ ಒಡಂಬಡಿಕೆ ಸಂಸ್ಥೆಗೆ, ಅಂದರೆ ನೇಟೊಗೆ, ಎರಡು ಹೊಸ ರಾಷ್ಟ್ರಗಳು ಸೇರಿದವು. ಸೋಲು ಎರಡು ಕಡೆಯೂ ಒಂದೇ. ಫಲ ಮಾತ್ರ ಬೇರೆ. ಇದಕ್ಕೆ ಕಾರಣವನ್ನು ಶೋಧಿಸುವುದೇ ಈ ಲೇಖನದ ಉದ್ದೇಶ.

೨

ಬ್ಯಾಂಕಿನ ವ್ಯವಹಾರವನ್ನು ಬಲ್ಲವರಿಗೆ ಜಾಮೀನಿನ ಸ್ವರೂಪವು ಪರಿಚಿತವಾದುದು. ಒಬ್ಬನ ಸಾಲಕ್ಕೆ ಇನ್ನೊಬ್ಬನು ಹೊಣೆ ನಿಲ್ಲುತ್ತಾನೆ. ಸಾಲಗಾರನು ತೀರಿಸುತ್ತಿರುವವರೆಗೆ ಈ ಹೊಣೆಯು ಕಾಗದದ ಮೇಲಿನ ಮಾತು. ಅವನು ತಪ್ಪಿದ ದಿನವೇ ಅದರ ನಿಜವಾದ ಭಾರವು ತಿಳಿಯುವುದು. ಆ ದಿನ ಮೂರು ಪ್ರಶ್ನೆಗಳು ಏಳುತ್ತವೆ. ಯಾವ ಸಾಲಕ್ಕೆ ಜಾಮೀನು? ಜಾಮೀನುದಾರರು ಅನೇಕರಿದ್ದರೆ ಎಲ್ಲರೂ ಕೂಡಿ ಹೊಣೆಯೋ, ಒಬ್ಬೊಬ್ಬನೂ ಪ್ರತ್ಯೇಕವಾಗಿ ಹೊಣೆಯೋ? ಜಾಮೀನುದಾರನನ್ನು ಕೇಳದೆ ಸಾಲದ ಷರತ್ತುಗಳನ್ನು ಬದಲಾಯಿಸಿದರೆ ಏನಾಗಬೇಕು? ೧೮೭೨ರ ಭಾರತೀಯ ಕರಾರು ಅಧಿನಿಯಮದ ೧೩೩ನೆಯ ಕಲಮು ಈ ಕೊನೆಯ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ: ಸಾಲ ಕೊಟ್ಟವನೂ ಪಡೆದವನೂ ಜಾಮೀನುದಾರನ ಒಪ್ಪಿಗೆಯಿಲ್ಲದೆ ಷರತ್ತನ್ನು ಬದಲಿಸಿಕೊಂಡರೆ, ಬದಲಾವಣೆಯ ನಂತರದ ವ್ಯವಹಾರಕ್ಕೆ ಜಾಮೀನುದಾರನು ಹೊಣೆಯಲ್ಲ.

ಸೈನಿಕ ಒಡಂಬಡಿಕೆಯೂ ಒಂದು ಬಗೆಯ ಪರಸ್ಪರ ಜಾಮೀನು. ನಿನ್ನ ನೆಲಕ್ಕೆ ವಿಪತ್ತು ಬಂದರೆ ನಾನು ಹೊಣೆ, ನನ್ನದಕ್ಕೆ ಬಂದರೆ ನೀನು ಹೊಣೆ ಎಂಬುದು ಅದರ ತಿರುಳು. ದೂರದ ಯುದ್ಧವು ದೀರ್ಘವಾದಂತೆ ಮೇಲಣ ಮೂರು ಪ್ರಶ್ನೆಗಳೂ ತಾವಾಗಿಯೇ ಎದ್ದುನಿಲ್ಲುತ್ತವೆ. ಆದರೆ ಒಂದು ವ್ಯತ್ಯಾಸವನ್ನು ವಾಚಕರು ಗಮನಿಸಬೇಕು. ರಾಷ್ಟ್ರಗಳ ನಡುವೆ ಇಂಥ ವ್ಯಾಜ್ಯವನ್ನು ತೀರ್ಮಾನಿಸುವ ನ್ಯಾಯಾಲಯವಿಲ್ಲ. ಆದುದರಿಂದ ಜಾಮೀನುದಾರನು ತಾನು ಬಿಡುಗಡೆ ಹೊಂದಿದೆನೆಂದು ಘೋಷಿಸುವುದಿಲ್ಲ, ಮೆಲ್ಲಗೆ ಸಡಿಲಿಸುತ್ತಾನೆ. ಸಾವಿರ ಸೈನಿಕರನ್ನು ಕೇಳಿದಲ್ಲಿ ನೂರನ್ನು ಕಳುಹಿಸುತ್ತಾನೆ. ಇಂಥ ಜಿಲ್ಲೆಯನ್ನು ಬಿಟ್ಟು ಹೋಗಕೂಡದೆಂದು ಕಟ್ಟಳೆ ಹಾಕುತ್ತಾನೆ. ಸಭೆಗೆ ಮಂತ್ರಿಯ ಬದಲು ವೀಕ್ಷಕನನ್ನು ಅಟ್ಟುತ್ತಾನೆ. ಮಿತ್ರಕೂಟದ ಆರೋಗ್ಯವನ್ನು ಅಳೆಯುವವನು ರಣರಂಗದ ವಾರ್ತೆಗಿಂತ ಇಂಥ ಸಣ್ಣ ಸಂಗತಿಗಳನ್ನು ನೋಡುವುದು ಲೇಸು.

೩

ಸೀಟೊ ಒಡಂಬಡಿಕೆಗೆ ೧೯೫೪ನೆಯ ಸೆಪ್ಟೆಂಬರ್ ೮ರಂದು ಮನಿಲಾ ನಗರದಲ್ಲಿ ರುಜುವಾಯಿತು. ಅಮೆರಿಕಾ, ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಪಾಕಿಸ್ತಾನ, ಥಾಯ್ಲೆಂಡ್, ಫಿಲಿಪೈನ್ಸ್ ಎಂಬ ಎಂಟು ರಾಷ್ಟ್ರಗಳಲ್ಲಿ ಆಗ್ನೇಯ ಏಷ್ಯಾಕ್ಕೆ ಸೇರಿದವು ಕೊನೆಯ ಎರಡೇ. ಭಾರತವು ಇದರಿಂದ ದೂರವಿತ್ತು. ಜವಾಹರಲಾಲ್ ನೆಹರೂ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಅದೇ ವರ್ಷದ ಜಿನೀವಾ ಒಪ್ಪಂದಗಳ ಪಾಲನೆಯನ್ನು ನೋಡಿಕೊಳ್ಳುವ ಅಂತಾರಾಷ್ಟ್ರೀಯ ಆಯೋಗದ ಅಧ್ಯಕ್ಷಸ್ಥಾನವು ಆಗ ಭಾರತದ ಪಾಲಿಗೆ ಬಂದಿತ್ತು. ಆ ಒಪ್ಪಂದಗಳ ಕಾರಣದಿಂದ ದಕ್ಷಿಣ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳು ಸೀಟೊವಿನ ಸದಸ್ಯರಾಗುವಂತಿರಲಿಲ್ಲ. ಒಡಂಬಡಿಕೆಗೆ ಅನುಬಂಧವೊಂದನ್ನು ಹೊಂದಿಸಿ, ಈ ಮೂರು ನಾಡುಗಳ ರಕ್ಷಣೆಯೂ ಕೂಟದ ಹೊಣೆಯೆಂದು ಬರೆಯಲಾಯಿತು. ಯಾರ ರಕ್ಷಣೆಗಾಗಿ ಕೂಟವು ಮುಖ್ಯವಾಗಿ ಹುಟ್ಟಿತೋ ಅವರ ರುಜುವೇ ಅದರಲ್ಲಿರಲಿಲ್ಲ.

ಮೊದಲನೆಯ ಪ್ರಶ್ನೆಯಲ್ಲಿಯೇ, ಅಂದರೆ ಯಾವ ಸಾಲಕ್ಕೆ ಜಾಮೀನು ಎಂಬಲ್ಲಿಯೇ, ಭಿನ್ನತೆಯು ಪ್ರಾರಂಭವಾಯಿತು. ತನ್ನ ಹೊಣೆಯು ಕಮ್ಯೂನಿಸ್ಟ್ ಆಕ್ರಮಣಕ್ಕೆ ಮಾತ್ರ ಸಂಬಂಧಿಸಿದುದೆಂದು ಅಮೆರಿಕಾ ಒಡಂಬಡಿಕೆಯಲ್ಲಿಯೇ ತನ್ನ ತಿಳುವಳಿಕೆಯನ್ನು ಬರೆಯಿಸಿತು. ಪಾಕಿಸ್ತಾನದ ಕಣ್ಣು ಭಾರತದ ಕಡೆಗಿತ್ತು. ಥಾಯ್ಲೆಂಡಿಗೆ ಭಯವಿದ್ದುದು ನೆರೆಯ ಲಾವೋಸಿನ ಅಂತಃಕಲಹದಿಂದ. ಫ್ರಾನ್ಸಾದರೋ ಇಂಡೋಚೀನದ ಯುದ್ಧದಲ್ಲಿ ಆಗತಾನೇ ಸೋತು ಹೊರಬರುತ್ತಿತ್ತು. ಹೀಗೆ ಒಂದೇ ಕಾಗದಕ್ಕೆ ರುಜು ಹಾಕಿದವರು ಬೇರೆಬೇರೆ ಸಾಲಗಳಿಗೆ ಹೊಣೆ ನಿಂತಿದ್ದರು.

ಎರಡನೆಯ ಪ್ರಶ್ನೆಯು ಲಾವೋಸಿನ ಬಿಕ್ಕಟ್ಟಿನಲ್ಲಿ ತಲೆದೋರಿತು. ಕೂಟವು ಒಮ್ಮತವಿಲ್ಲದೆ ಹೆಜ್ಜೆಯಿಡುವಂತಿರಲಿಲ್ಲ. ಥಾಯ್ಲೆಂಡ್ ಕ್ರಮವನ್ನು ಬಯಸಿದರೆ ಬ್ರಿಟನ್ನೂ ಫ್ರಾನ್ಸೂ ಹಿಂಜರಿದವು. ತನ್ನ ಭದ್ರತೆಯು ದೂರದ ಎರಡು ರಾಜಧಾನಿಗಳ ಮನಸ್ಸನ್ನು ಅವಲಂಬಿಸಿದೆಯೆಂದು ಕಂಡ ಥಾಯ್ಲೆಂಡಿನ ಅಸಮಾಧಾನವನ್ನು ಕಳೆಯಲು, ೧೯೬೨ರ ಮಾರ್ಚ್ ತಿಂಗಳಲ್ಲಿ ಅಮೆರಿಕಾದ ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್ ಮತ್ತು ಥಾಯ್ಲೆಂಡಿನ ವಿದೇಶಾಂಗ ಮಂತ್ರಿ ಥನತ್ ಖೋಮನ್ ಒಂದು ಜಂಟಿ ಪ್ರಕಟಣೆಯನ್ನು ಹೊರಡಿಸಿದರು. ಒಡಂಬಡಿಕೆಯ ಹೊಣೆಯು ಸಾಮೂಹಿಕವಾದುದು ಮಾತ್ರವಲ್ಲ, ಪ್ರತ್ಯೇಕವಾದುದೂ ಹೌದು ಎಂಬುದು ಅದರ ಸಾರ. ಥಾಯ್ಲೆಂಡಿಗೆ ಇದರಿಂದ ನೆಮ್ಮದಿಯಾಯಿತು; ಆದರೆ ಕೂಟದ ದೃಷ್ಟಿಯಿಂದ ನೋಡಿದರೆ ಇದು ಕೂಟವು ಕೆಲಸಮಾಡದೆಂಬುದರ ಲಿಖಿತ ಅಂಗೀಕಾರವೇ ಸರಿ. ಪ್ರತ್ಯೇಕ ಜಾಮೀನು ದೊರೆತ ಮೇಲೆ ಜಂಟಿ ಜಾಮೀನನ್ನು ಕೇಳುವವರಾರು?

ಬಳಿಕ ವಿಯೆಟ್ನಾಂ ಯುದ್ಧವು ಬೆಳೆಯಿತು. ೧೯೬೪ರ ಆಗಸ್ಟ್‌ನಲ್ಲಿ ಅಮೆರಿಕಾದ ಶಾಸನಸಭೆಯು ಯುದ್ಧಕ್ಕೆ ದಾರಿ ಮಾಡಿಕೊಟ್ಟ ಟಾಂಕಿನ್ ಕೊಲ್ಲಿಯ ನಿರ್ಣಯದಲ್ಲಿ ಈ ಒಡಂಬಡಿಕೆಯನ್ನು ಆಧಾರವಾಗಿ ಉಲ್ಲೇಖಿಸಿತು. ೧೯೬೯ರ ವೇಳೆಗೆ ಅಲ್ಲಿದ್ದ ಅಮೆರಿಕಾದ ಸೈನಿಕರ ಸಂಖ್ಯೆಯು ೫ ಲಕ್ಷ ೪೦ ಸಾವಿರವನ್ನು ಮುಟ್ಟಿತು. ಸೀಟೊವಿನ ಉಳಿದ ಏಳು ಸದಸ್ಯರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಥಾಯ್ಲೆಂಡ್‌ಗಳು ಹೋರಾಡುವ ಪಡೆಗಳನ್ನು ಕಳುಹಿಸಿದವು. ಫಿಲಿಪೈನ್ಸ್ ಲೋಕೋಪಯೋಗಿ ಕಾರ್ಯಗಳಿಗೆಂದು ಒಂದು ದಳವನ್ನು ಕಳುಹಿಸಿತು. ಬ್ರಿಟನ್, ಫ್ರಾನ್ಸ್, ಪಾಕಿಸ್ತಾನಗಳಿಂದ ಪಡೆಗಳು ಹೋಗಲಿಲ್ಲ. ಇನ್ನೂ ವಿಚಿತ್ರವಾದುದೆಂದರೆ, ಅಮೆರಿಕಾದ ತರುವಾಯ ಅತಿ ದೊಡ್ಡ ವಿದೇಶೀ ಸೈನ್ಯವನ್ನು, ಒಂದು ಹಂತದಲ್ಲಿ ಸುಮಾರು ೫೦ ಸಾವಿರ ಸೈನಿಕರನ್ನು, ಒದಗಿಸಿದ ದಕ್ಷಿಣ ಕೊರಿಯಾ ಸೀಟೊವಿನ ಸದಸ್ಯನೇ ಆಗಿರಲಿಲ್ಲ. ರುಜು ಹಾಕಿದವರು ಬರಲಿಲ್ಲ, ರುಜು ಹಾಕದವನು ಬಂದನು ಎಂದ ಮೇಲೆ ರುಜುವಿಗೆ ಬೆಲೆಯೇನು ಉಳಿಯಿತು?

ಮುಂದಿನ ಕಥೆಯು ಸಂಕ್ಷಿಪ್ತ. ಸೂಯೆಜ್ ಕಾಲುವೆಯ ಪೂರ್ವದಿಂದ ತನ್ನ ಪಡೆಗಳನ್ನು ಹಿಂದೆಗೆಯುವುದಾಗಿ ಬ್ರಿಟನ್ ೧೯೬೮ರಲ್ಲಿ ಸಾರಿತು. ೧೯೬೫ ಮತ್ತು ೧೯೭೧ರ ಯುದ್ಧಗಳಲ್ಲಿ ಸೀಟೊವಿನಿಂದ ಯಾವ ನೆರವನ್ನೂ ಕಾಣದ ಪಾಕಿಸ್ತಾನವು ೧೯೭೨ರಲ್ಲಿ ಹೊರಬೀಳುವ ನಿರ್ಧಾರವನ್ನು ಪ್ರಕಟಿಸಿತು. ಅದೇ ವರ್ಷ ಅಮೆರಿಕಾದ ಅಧ್ಯಕ್ಷ ನಿಕ್ಸನ್ ಚೀನಕ್ಕೆ ಭೇಟಿಯಿತ್ತರು. ೧೯೭೫ರಲ್ಲಿ ಫಿಲಿಪೈನ್ಸ್ ಹಾಗೂ ಥಾಯ್ಲೆಂಡ್‌ಗಳು ಚೀನದೊಡನೆ ರಾಜತಾಂತ್ರಿಕ ಸಂಬಂಧವನ್ನು ಬೆಳೆಸಿದವು. ಯಾವ ವಿಪತ್ತಿಗೆಂದು ಜಾಮೀನು ಬರೆಯಲಾಗಿತ್ತೋ ಆ ವಿಪತ್ತಿನೊಡನೆಯೇ ಎಲ್ಲರೂ ವ್ಯವಹಾರ ಹೂಡಿದ ಮೇಲೆ ಕೂಟಕ್ಕೆ ಕೆಲಸವುಳಿಯಲಿಲ್ಲ. ೧೯೭೭ನೆಯ ಜೂನ್ ೩೦ರಂದು ಬ್ಯಾಂಕಾಕಿನ ಕಚೇರಿಯು ಮುಚ್ಚಿತು. ಯುದ್ಧವು ಸೀಟೊವನ್ನು ಕೊಂದಿತೆನ್ನುವುದಕ್ಕಿಂತ, ಅದು ಒಂದೇ ಕೂಟವಾಗಿ ಎಂದೂ ಬದುಕಿರಲಿಲ್ಲವೆಂಬುದನ್ನು ಯುದ್ಧವು ತೋರಿಸಿಕೊಟ್ಟಿತೆನ್ನುವುದು ಹೆಚ್ಚು ಸರಿಯಾದೀತು.

೪

ನೇಟೊವಿನ ಕಥೆಯು ಬೇರೆ ತೆರನಾದುದು. ೧೯೪೯ನೆಯ ಏಪ್ರಿಲ್ ೪ರಂದು ವಾಷಿಂಗ್ಟನ್ನಿನಲ್ಲಿ ೧೨ ರಾಷ್ಟ್ರಗಳು ರುಜು ಹಾಕಿದ ಈ ಒಡಂಬಡಿಕೆಯ ಐದನೆಯ ವಿಧಿಯು, ಒಬ್ಬನ ಮೇಲಣ ಆಕ್ರಮಣವನ್ನು ಎಲ್ಲರ ಮೇಲಣ ಆಕ್ರಮಣವೆಂದು ಎಣಿಸತಕ್ಕದ್ದೆನ್ನುತ್ತದೆ. ಆದರೆ ನೆರವಿನ ಬಗೆಯನ್ನು ಆಯಾ ರಾಷ್ಟ್ರದ ವಿವೇಚನೆಗೆ ಬಿಡುತ್ತದೆ. ಆರನೆಯ ವಿಧಿಯು ಇದಕ್ಕೆ ಎಲ್ಲೆಯನ್ನು ಗೊತ್ತುಪಡಿಸುತ್ತದೆ: ಯೂರೋಪು, ಉತ್ತರ ಅಮೆರಿಕಾ, ಕರ್ಕಾಟಕ ವೃತ್ತದ ಉತ್ತರಕ್ಕಿರುವ ಅಟ್ಲಾಂಟಿಕ್ ದ್ವೀಪಗಳು ಇತ್ಯಾದಿ. ಈ ಎಲ್ಲೆಯಿದ್ದುದರಿಂದಲೇ ವಿಯೆಟ್ನಾಮಿಗೆ ಸೈನ್ಯ ಕಳುಹಿಸಲೊಲ್ಲದ ಯೂರೋಪಿನ ಸದಸ್ಯರು ನೇಟೊವಿನ ಕರಾರನ್ನು ಮುರಿದಂತಾಗಲಿಲ್ಲ.

೨೦೦೧ರ ಸೆಪ್ಟೆಂಬರ್ ೧೧ರ ದಾಳಿಗಳು ಅಮೆರಿಕಾದ ನೆಲದ ಮೇಲೆಯೇ ನಡೆದವು. ಮರುದಿನವೇ ನೇಟೊವಿನ ಮಂಡಲಿಯು ತನ್ನ ಇತಿಹಾಸದಲ್ಲಿ ಮೊದಲ ಸಲ ಐದನೆಯ ವಿಧಿಯನ್ನು ಮುಂದೆ ಮಾಡಿತು. ಯೂರೋಪಿನ ರಕ್ಷಣೆಗೆ ಅಮೆರಿಕಾ ಬರುವುದೆಂದು ಐವತ್ತು ವರ್ಷ ಎಲ್ಲರೂ ಭಾವಿಸಿದ್ದ ಕರಾರು, ಅಮೆರಿಕಾದ ರಕ್ಷಣೆಗೆ ಯೂರೋಪು ಬರುವುದಾಗಿ ಮೊದಲು ಜಾರಿಗೆ ಬಂದಿತು. ಜರ್ಮನಿಯ ಪ್ರಧಾನಿ ಶ್ರೋಡರ್ ಸೈನ್ಯವನ್ನು ಕಳುಹಿಸುವ ಪ್ರಶ್ನೆಯನ್ನು ವಿಶ್ವಾಸಮತಕ್ಕೆ ಗಂಟುಹಾಕಿ ಅತ್ಯಲ್ಪ ಅಂತರದಿಂದ ಗೆದ್ದರು. ಮೊದಲ ಎರಡು ವರ್ಷ ಅಮೆರಿಕಾ ಯುದ್ಧವನ್ನು ಬಹುಮಟ್ಟಿಗೆ ತನ್ನ ಕೈಯಲ್ಲಿಯೇ ಇಟ್ಟುಕೊಂಡಿತು. ವಿಶ್ವಸಂಸ್ಥೆಯ ಅಪ್ಪಣೆಯಿಂದ ಕಾಬೂಲಿನಲ್ಲಿ ನೆಲೆಗೊಂಡಿದ್ದ ಅಂತಾರಾಷ್ಟ್ರೀಯ ಭದ್ರತಾ ನೆರವಿನ ಪಡೆಯ ಅಧಿಪತ್ಯವನ್ನು ನೇಟೊ ವಹಿಸಿಕೊಂಡದ್ದು ೨೦೦೩ನೆಯ ಆಗಸ್ಟ್ ೧೧ರಂದು.

ಇಲ್ಲಿಂದ ಮುಂದೆ ಸಾಲದ ಸ್ವರೂಪವೇ ಬದಲಾಗುತ್ತ ಹೋಯಿತು. ದಾಳಿ ಮಾಡಿದವರನ್ನು ಶಿಕ್ಷಿಸುವ ಕಾರ್ಯವು ರಸ್ತೆ, ಶಾಲೆ, ಪೋಲೀಸು, ಚುನಾವಣೆಗಳ ವ್ಯವಸ್ಥೆಯಾಗಿ, ಒಂದು ರಾಜ್ಯವನ್ನೇ ಕಟ್ಟುವ ಕಾರ್ಯವಾಗಿ ಬೆಳೆಯಿತು. ೨೦೦೬ರಲ್ಲಿ ಪಡೆಯು ದಕ್ಷಿಣದ ಪ್ರಾಂತ್ಯಗಳಿಗೆ ಹಬ್ಬಿದಾಗ ಬ್ರಿಟನ್, ಕೆನಡಾ, ಹಾಲೆಂಡ್ ಮುಂತಾದವರ ಸೈನಿಕರು ಘೋರವಾದ ಕಾದಾಟಕ್ಕೆ ಸಿಲುಕಿದರು. ಇತ್ತ ಉತ್ತರದಲ್ಲಿದ್ದ ಜರ್ಮನಿಯೇ ಮೊದಲಾದ ಕೆಲವರ ಮೇಲೆ ಅವರವರ ಸರಕಾರಗಳು ಎಲ್ಲಿಗೆ ಹೋಗಬಹುದು, ಯಾವಾಗ ಗುಂಡು ಹಾರಿಸಬಹುದು ಎಂಬ ನಿರ್ಬಂಧಗಳನ್ನು ಹೇರಿದ್ದವು. ೨೦೦೬ರ ನವೆಂಬರ್‌ನಲ್ಲಿ ರೀಗಾ ನಗರದಲ್ಲಿ ಸೇರಿದ ನಾಯಕರ ಸಭೆಯಲ್ಲಿ ಇದೇ ದೊಡ್ಡ ಜಗಳದ ವಿಷಯ. ಒಂದೇ ಧ್ವಜದ ಕೆಳಗೆ ಒಬ್ಬನು ಸಾಯುವುದು, ಇನ್ನೊಬ್ಬನು ಕಾವಲು ಕಾಯುವುದು ಎಲ್ಲಿಯ ನ್ಯಾಯ ಎಂಬುದು ದಕ್ಷಿಣದಲ್ಲಿದ್ದವರ ಪ್ರಶ್ನೆ.

ಈ ಅಸಮತೆಯು ಲೆಕ್ಕದಲ್ಲಿಯೂ ಕಾಣುತ್ತದೆ. ಅಮೆರಿಕಾ ೨,೪೦೦ಕ್ಕೂ ಮಿಕ್ಕಿ ಸೈನಿಕರನ್ನು ಕಳೆದುಕೊಂಡಿತು. ಬ್ರಿಟನ್ ೪೫೦ಕ್ಕೂ ಮಿಕ್ಕಿ, ಕೆನಡಾ ೧೫೮, ಜರ್ಮನಿ ೫೯. ಸುಮಾರು ೫೫ ಲಕ್ಷ ಜನಸಂಖ್ಯೆಯ ಡೆನ್ಮಾರ್ಕ್ ೪೦ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಜನಸಂಖ್ಯೆಯ ಪ್ರಮಾಣದಲ್ಲಿ ನೋಡಿದರೆ ಇದು ಅತಿ ಭಾರವಾದ ನಷ್ಟಗಳಲ್ಲಿ ಒಂದು. ಒಟ್ಟು ಹೊರನಾಡಿನ ಸೈನಿಕರಲ್ಲಿ ಮಡಿದವರು ೩,೫೦೦ಕ್ಕೂ ಹೆಚ್ಚು. ಭಾರವನ್ನು ಹೊತ್ತವರೇ ಮೊದಲು ಬಳಲಿದರು. ಉರುಜ್ಗಾನ್ ಪ್ರಾಂತ್ಯದಲ್ಲಿ ಪಡೆಯನ್ನು ಮುಂದುವರಿಸುವ ಪ್ರಶ್ನೆಯಿಂದಲೇ ೨೦೧೦ರ ಫೆಬ್ರವರಿಯಲ್ಲಿ ಹಾಲೆಂಡಿನ ಮಂತ್ರಿಮಂಡಲವು ಬಿದ್ದುಹೋಯಿತು. ಆಗಸ್ಟ್‌ನಲ್ಲಿ ಅದರ ಪಡೆಯು ಕಾರ್ಯವನ್ನು ಮುಗಿಸಿತು. ಕೆನಡಾ ೨೦೧೧ರಲ್ಲಿ ಕಂದಹಾರದ ಕಾದಾಟವನ್ನು ನಿಲ್ಲಿಸಿತು. ಅದೇ ವರ್ಷದ ಜೂನ್‌ನಲ್ಲಿ ಅಮೆರಿಕಾದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಬ್ರಸೆಲ್ಸಿನಲ್ಲಿ ಕಠೋರವಾಗಿ ಮಾತನಾಡಿದರು. ನೇಟೊ ರಾಷ್ಟ್ರಗಳ ಒಟ್ಟು ರಕ್ಷಣಾ ವೆಚ್ಚದಲ್ಲಿ ಅಮೆರಿಕಾದ ಪಾಲು ನೂರಕ್ಕೆ ೭೫ನ್ನು ಮೀರಿದೆಯೆಂದೂ, ೨೮ ಸದಸ್ಯರಲ್ಲಿ ಐವರು ಮಾತ್ರ ರಾಷ್ಟ್ರೀಯ ಉತ್ಪನ್ನದ ನೂರಕ್ಕೆ ೨ ಎಂಬ ಮಟ್ಟವನ್ನು ದಾಟಿದ್ದಾರೆಂದೂ ಅವರು ಎಚ್ಚರಿಸಿದರು.

ಮೂರನೆಯ ಪ್ರಶ್ನೆ, ಅಂದರೆ ಕೇಳದೆ ಷರತ್ತು ಬದಲಿಸುವ ಪ್ರಶ್ನೆ, ಕೊನೆಯಲ್ಲಿ ಅತಿ ತೀವ್ರವಾಗಿ ಬಂದಿತು. ೨೦೧೪ರ ಕೊನೆಗೆ ಮೊದಲಿನ ಪಡೆಯು ವಿಸರ್ಜನೆಗೊಂಡು, ಅಫಘಾನ್ ಸೈನ್ಯಕ್ಕೆ ಶಿಕ್ಷಣ ಕೊಡುವ ಸಣ್ಣ ಪಡೆಯೊಂದು ಉಳಿದಿತ್ತು. ೨೦೨೦ನೆಯ ಫೆಬ್ರವರಿ ೨೯ರಂದು ದೋಹಾ ನಗರದಲ್ಲಿ ಅಮೆರಿಕಾ ತಾಲಿಬಾನಿನೊಡನೆ ಒಪ್ಪಂದ ಮಾಡಿಕೊಂಡು, ತನ್ನ ಸೈನ್ಯವನ್ನು ಮಾತ್ರವಲ್ಲದೆ ಮಿತ್ರರ ಸೈನ್ಯಗಳನ್ನೂ ೧೪ ತಿಂಗಳೊಳಗಾಗಿ ಹಿಂದೆಗೆಯುವುದಾಗಿ ಮಾತು ಕೊಟ್ಟಿತು. ಆ ಕಾಗದದಲ್ಲಿ ಮಿತ್ರರ ರುಜುವಿಲ್ಲ. ಕಾಬೂಲ್ ಸರಕಾರದ ರುಜುವೂ ಇಲ್ಲ. ೨೦೨೧ರ ಮೊದಲಲ್ಲಿ ಅಲ್ಲಿದ್ದ ಸುಮಾರು ೧೦ ಸಾವಿರ ನೇಟೊ ಸೈನಿಕರಲ್ಲಿ ಅಮೆರಿಕನರು ೨,೫೦೦ ಮಾತ್ರ. ಆದರೂ ಅವರು ಹೊರಟರೆ ಉಳಿದವರು ನಿಲ್ಲುವಂತಿರಲಿಲ್ಲ. ವಿಮಾನ, ಗುಪ್ತವಾರ್ತೆ, ಗಾಯಾಳುಗಳ ಸಾಗಣೆ ಇವೆಲ್ಲ ಬಹುಮಟ್ಟಿಗೆ ಅಮೆರಿಕಾದ ಕೈಯಲ್ಲಿದ್ದವು. ಏಪ್ರಿಲ್ ೧೪ರಂದು ಅಧ್ಯಕ್ಷ ಬೈಡನ್ ನಿರ್ಗಮನವನ್ನು ಸಾರಿದರು. ಅದೇ ದಿನ ನೇಟೊ ಮಂಡಲಿಯೂ ಹಾಗೆಯೇ ತೀರ್ಮಾನಿಸಿತು. ಆಗಸ್ಟ್ ೧೫ರಂದು ಕಾಬೂಲ್ ಬಿದ್ದಿತು. ವಿಮಾನ ನಿಲ್ದಾಣದಲ್ಲಿ ಸಿಲುಕಿದವರನ್ನು ಹೊರತರಲು ಇನ್ನು ಕೆಲವು ದಿನಗಳ ಅವಧಿ ಬೇಕೆಂದು ಬ್ರಿಟನ್ ಮೊದಲಾದ ಮಿತ್ರರು ಕೇಳಿದರು, ಅವಧಿಯು ದೊರೆಯಲಿಲ್ಲ. ಆಗಸ್ಟ್ ೩೦ರಂದು ಕೊನೆಯ ಅಮೆರಿಕನ್ ಸೈನಿಕನು ಹೊರಟನು.

೫

ಕಾಬೂಲ್ ಬಿದ್ದಾಗ ನೇಟೊವಿನ ಅಂತ್ಯವು ಸಮೀಪಿಸಿತೆಂದು ಹೇಳಿದವರು ಅನೇಕರು. ಹಾಗಾಗಲಿಲ್ಲ. ೨೦೨೨ನೆಯ ಫೆಬ್ರವರಿ ೨೪ರಂದು ರಷ್ಯಾ ಯುಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣವನ್ನು ನಡೆಯಿಸಿತು. ೨೦೨೩ರ ಏಪ್ರಿಲ್‌ನಲ್ಲಿ ಫಿನ್ಲೆಂಡ್, ೨೦೨೪ರ ಮಾರ್ಚ್‌ನಲ್ಲಿ ಸ್ವೀಡನ್ ಸೇರಿ ಸದಸ್ಯರ ಸಂಖ್ಯೆ ೩೨ ಆಯಿತು. ಗೇಟ್ಸ್ ಬೇಡಿ ಪಡೆಯಲಾಗದ ಹಣವೂ ಹೊರಟಿತು: ೨೦೨೫ರ ಜೂನ್‌ನಲ್ಲಿ ಹೇಗ್ ನಗರದ ಸಭೆಯು ೨೦೩೫ರ ವೇಳೆಗೆ ರಕ್ಷಣೆ ಮತ್ತು ತತ್ಸಂಬಂಧವಾದ ವೆಚ್ಚವನ್ನು ಉತ್ಪನ್ನದ ನೂರಕ್ಕೆ ೫ಕ್ಕೆ ಏರಿಸುವ ಗುರಿಯನ್ನು ಒಪ್ಪಿಕೊಂಡಿತು.

ಈ ಭೇದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಮೂಲ ಸಾಲವು ಜೀವಂತವಾಗಿದ್ದುದು. ಅಫಘಾನಿಸ್ತಾನವು ನೇಟೊವಿಗೆ ಆಮೇಲೆ ಕೂಡಿಕೊಂಡ ಹೊಣೆ. ಯೂರೋಪಿನ ನೆಲದ ರಕ್ಷಣೆಯು ಹುಟ್ಟುಹೊಣೆ. ಮೇಲಿನದು ಕುಸಿದರೂ ಬುನಾದಿಯು ಉಳಿದಿತ್ತು. ಸೀಟೊವಿಗಾದರೋ ದೂರದ ಯುದ್ಧವೇ ಬುನಾದಿಯಾಗಿತ್ತು.

ಎರಡನೆಯದು, ನಿತ್ಯದ ಅಭ್ಯಾಸ. ಸೀಟೊವಿಗೆ ಸ್ವಂತ ಸೇನಾಧಿಪತ್ಯವಿರಲಿಲ್ಲ. ಸಭೆಗಳೂ ಕವಾಯತುಗಳೂ ಇದ್ದವು. ನೇಟೊವಿಗೆ ಏಕೀಕೃತ ಅಧಿಪತ್ಯವೂ, ಸಮಾನವಾದ ಆಯುಧದ ಅಳತೆಗಳೂ ಇದ್ದವು. ಅಫಘಾನಿಸ್ತಾನದಲ್ಲಿ ಒಂದು ಕಾಲಕ್ಕೆ ೫೦ ರಾಷ್ಟ್ರಗಳ ೧ ಲಕ್ಷ ೩೦ ಸಾವಿರ ಸೈನಿಕರು ಒಟ್ಟಿಗೆ ಕೆಲಸಮಾಡಿದರು. ಅವರಲ್ಲಿ ಆಗಿನ್ನೂ ಸದಸ್ಯರಲ್ಲದ ಫಿನ್ಲೆಂಡ್ ಸ್ವೀಡನ್ನುಗಳವರೂ ಇದ್ದರು. ಸೋತ ಯುದ್ಧವೇ ಮುಂದಿನ ಸದಸ್ಯರಿಗೆ ಶಿಕ್ಷಣಶಾಲೆಯಾಯಿತು.

ಮೂರನೆಯದು ಮೊದಲ ನೋಟಕ್ಕೆ ವಿರೋಧಾಭಾಸವಾಗಿ ತೋರುವುದು. ರೀಗಾದಲ್ಲಿ ಎಲ್ಲರೂ ಶಪಿಸಿದ ನಿರ್ಬಂಧಗಳೇ ಕೂಟವನ್ನು ಉಳಿಸಿದವು. ತನ್ನ ಷರತ್ತಿನ ಮೇಲೆ ಉತ್ತರದಲ್ಲಿರಲು ಅವಕಾಶವಿದ್ದುದರಿಂದಲೇ ಜರ್ಮನಿಯು ೨೦೨೧ರ ವರೆಗೂ ಇದ್ದಿತು. ಪೂರ್ಣ ಒಮ್ಮತವನ್ನು ಬೇಡಿದ ಸೀಟೊವಿನಲ್ಲಿ ಭಿನ್ನಮತವುಳ್ಳವನಿಗೆ ಎರಡೇ ದಾರಿ: ಎಲ್ಲರನ್ನೂ ತಡೆಯುವುದು, ಇಲ್ಲವೆ ದೂರ ಉಳಿಯುವುದು. ಸ್ವಲ್ಪ ಸಡಿಲವಾಗಿ ಕಟ್ಟಿದ ಗಂಟು ಎಳೆತವನ್ನು ತಾಳುತ್ತದೆ, ಬಿಗಿದುದು ಹರಿಯುತ್ತದೆ.

ಹಾಗೆಂದು ಪರೀಕ್ಷೆಯು ಯಾವ ಗುರುತನ್ನೂ ಬಿಡದೆ ಹೋಯಿತೆನ್ನುವಂತಿಲ್ಲ. ತಮ್ಮ ಬಲವೊಂದರಿಂದಲೇ ಕಾಬೂಲಿನ ವಿಮಾನ ನಿಲ್ದಾಣವನ್ನು ಕೆಲವು ದಿನ ಹಿಡಿದಿಡಲಾಗದೆ ಹೋದುದನ್ನು ಯೂರೋಪಿನವರು ಮರೆಯಲಿಲ್ಲ. ೨೦೨೨ರ ಮಾರ್ಚ್‌ನಲ್ಲಿ ಯೂರೋಪಿಯನ್ ಒಕ್ಕೂಟವು ೫ ಸಾವಿರ ಸೈನಿಕರ ಶೀಘ್ರಗಾಮಿ ದಳವನ್ನು ಸಿದ್ಧಪಡಿಸಲು ನಿಶ್ಚಯಿಸಿದುದರ ಹಿಂದೆ ಈ ನೆನಪೂ ಇತ್ತು. ದೊಡ್ಡ ಜಾಮೀನುದಾರನು ಒಮ್ಮೆ ಕೇಳದೆ ಷರತ್ತು ಬದಲಿಸಿದರೆ ಸಣ್ಣವರು ಕರಾರನ್ನು ಹರಿಯದಿದ್ದರೂ ಬೇರೆ ಪೆಟ್ಟಿಗೆಯಲ್ಲಿ ನಾಲ್ಕು ಕಾಸು ಕೂಡಿಡತೊಡಗುತ್ತಾರೆ.

ಆದುದರಿಂದ ದೂರದ ಯುದ್ಧವು ಮಿತ್ರಕೂಟದ ಬಲವನ್ನು ಅಷ್ಟಾಗಿ ಪರೀಕ್ಷಿಸುವುದಿಲ್ಲ. ರುಜು ಹಾಕಿದವರೆಲ್ಲ ಒಂದೇ ಕಾಗದವನ್ನು ಓದಿದ್ದರೇ ಎಂಬುದನ್ನು ಪರೀಕ್ಷಿಸುತ್ತದೆ. ಮನೆಯ ಭಯವು ಸಮಾನವಾಗಿದ್ದರೆ ಕೂಟವು ದೂರದ ಸೋಲನ್ನು ತಾಳಿಕೊಳ್ಳುತ್ತದೆ; ಅದಿಲ್ಲದಿದ್ದರೆ ದೂರದ ಗೆಲವೂ ಅದನ್ನು ಬಹುಕಾಲ ಉಳಿಸಲಾರದು.

ಈ ಲೆಕ್ಕದಲ್ಲಿ ಸೇರದೆ ಉಳಿಯುವ ಒಂದು ಬಾಬು ಇದೆ. ಸೈಗಾನ್ ಸೀಟೊವಿನ ಸದಸ್ಯನಾಗಿರಲಿಲ್ಲ. ಕಾಬೂಲ್ ನೇಟೊವಿನ ಸದಸ್ಯನಾಗಿರಲಿಲ್ಲ. ಕೂಟಗಳು ಮುಚ್ಚಿದರೂ ಬೆಳೆದರೂ ಅವುಗಳ ಸದಸ್ಯರು ತಮ್ಮ ತಮ್ಮ ಮನೆಗಳಿಗೆ ಹಿಂದಿರುಗಿದರು. ಅವರ ಮಾತನ್ನು ನಂಬಿ ಸೈನಿಕರಾಗಿ, ದುಭಾಷಿಗಳಾಗಿ, ಉಪಾಧ್ಯಾಯಿನಿಯರಾಗಿ ನಿಂತ ಆ ನಾಡುಗಳ ಜನರಿಗೆ ಹಿಂದಿರುಗಲು ಬೇರೆ ಮನೆಯಿರಲಿಲ್ಲ. ಜಾಮೀನುಪತ್ರದಲ್ಲಿ ಹೆಸರಿಲ್ಲದವನಿಗೆ ಕೇಳುವ ಹಕ್ಕಿಲ್ಲವೆಂದು ಕಾನೂನು ಹೇಳಬಹುದು. ಆದರೆ ಒಂದು ಮಿತ್ರಕೂಟದ ಆಯುಷ್ಯವನ್ನು ಎಣಿಸುವವನು, ಅದು ಎಷ್ಟು ವರ್ಷ ಬಾಳಿತೆಂಬುದರ ಜೊತೆಗೆ, ಅದನ್ನು ನಂಬಿ ಹೊರಗೆ ನಿಂತವರ ಗತಿ ಏನಾಯಿತೆಂಬುದನ್ನೂ ಬರೆದಿಡಬೇಕಾಗುತ್ತದೆ.